ಕೊಡಗಿನಲ್ಲಿ ಹೆಚ್ಚು ಆಕ್ಟೇನ್ ಪೆಟ್ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಬೊ ಪೆಟ್ರೋಲ್ ಕಾರು, ಆಮದಾದ ಸ್ಪೋರ್ಟ್ಸ್ ಕಾರು ಅಥವಾ ರಾಲಿಗೆಂದು ಸಿದ್ಧಪಡಿಸಿದ ಜಿಪ್ಸಿಯಂತಹ ವಾಹನವನ್ನು ಕೊಡಗಿನಲ್ಲಿ ಇಟ್ಟುಕೊಂಡಿರುವವರಿಗಾಗಿ ಈ ಪ್ರಶ್ನೋತ್ತರವನ್ನು ಬರೆಯಲಾಗಿದೆ. ಬೆಂಗಳೂರಿನಲ್ಲಿರುವವರಿಗೆ ಯಾವ ಪೆಟ್ರೋಲ್ ಹಾಕಿಸಬೇಕೆಂಬುದು ಬಹುಮಟ್ಟಿಗೆ ಹಣದ ಲೆಕ್ಕ. ನಮಗೆ ಅದರ ಜೊತೆಗೆ ಬಂಕಿನ ದೂರವೂ ಘಾಟಿಯ ಏರೂ ಸೇರಿಕೊಳ್ಳುತ್ತವೆ.

ಆಕ್ಟೇನ್ ಸಂಖ್ಯೆ ಏನನ್ನು ತಿಳಿಸುತ್ತದೆ?

ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒತ್ತಡಕ್ಕೂ ಬಿಸಿಗೂ ಸಿಕ್ಕಿದಾಗ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದಂತೆ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನು ಈ ಸಂಖ್ಯೆ ತಿಳಿಸುತ್ತದೆ. 1920ರ ದಶಕದಲ್ಲಿ ರೂಪುಗೊಂಡ ಈ ಮಾಪಕದಲ್ಲಿ ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100 ಎಂದೂ, ಬಹಳ ಬೇಗ ತಾನಾಗಿ ಹೊತ್ತಿಕೊಳ್ಳುವ ನಾರ್ಮಲ್ ಹೆಪ್ಟೇನಿಗೆ 0 ಎಂದೂ ಗೊತ್ತುಮಾಡಲಾಯಿತು. 95 ಆಕ್ಟೇನಿನ ಪೆಟ್ರೋಲ್ ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಅದು 95 ಭಾಗ ಐಸೊ-ಆಕ್ಟೇನ್ ಮತ್ತು 5 ಭಾಗ ಹೆಪ್ಟೇನ್ ಬೆರೆಸಿದ ದ್ರವದ ಹಾಗೆ ವರ್ತಿಸಿತು ಎಂದರ್ಥ. ಅದರಲ್ಲಿ ಅಷ್ಟು ಐಸೊ-ಆಕ್ಟೇನ್ ಇದೆ ಎಂದಲ್ಲ.

ಹಾಗಾದರೆ 100 ಆಕ್ಟೇನ್ ಹಾಕಿಸಿದರೆ ಶಕ್ತಿ ಹೆಚ್ಚುವುದಿಲ್ಲವೇ?

ಆ ಸಂಖ್ಯೆಯನ್ನು ಬಳಸಿಕೊಳ್ಳುವ ಎಂಜಿನ್ ಇದ್ದರೆ ಹೆಚ್ಚುತ್ತದೆ, ಇಲ್ಲದಿದ್ದರೆ ಇಲ್ಲ. ಲೀಟರೊಂದರಲ್ಲಿ ಅಡಗಿರುವ ಶಾಖಕ್ಕೂ ಆಕ್ಟೇನ್ ಸಂಖ್ಯೆಗೂ ನೇರ ಸಂಬಂಧವಿಲ್ಲ. ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು. ಆದರೂ ಲೀಟರಿಗೆ ಅದು ಕೊಡುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಹೆಚ್ಚು ಆಕ್ಟೇನಿನಿಂದ ಸಿಗುವ ಲಾಭವೇನಿದ್ದರೂ, ಎಂಜಿನ್ ತಯಾರಕನು ಕಂಪ್ರೆಷನ್ ರೇಶಿಯೊವನ್ನು (ಸಿಲಿಂಡರಿನಲ್ಲಿ ಮಿಶ್ರಣವನ್ನು ಹಿಂಡುವ ಪ್ರಮಾಣವನ್ನು) ಏರಿಸಬಹುದು, ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುಂಬುವ ಟರ್ಬೊದ ಒತ್ತಡವನ್ನು ಹೆಚ್ಚಿಸಬಹುದು, ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಕೊಡಬಹುದು ಎಂಬುದರಿಂದ ಬರುವಂಥದು. ಕಡಿಮೆ ಕಂಪ್ರೆಷನ್ನಿನ, ಯಾವ ಮಾರ್ಪಾಡೂ ಇಲ್ಲದ ಹಳೆಯ ಜಿಪ್ಸಿಗೆ 100 ಆಕ್ಟೇನ್ ಹಾಕಿಸಿದರೆ ಆಗುವುದು ಖರ್ಚು ಮಾತ್ರ.

ನಾಕಿಂಗ್ ಎಂದರೇನು? ಅದನ್ನು ಗುರುತಿಸುವುದು ಹೇಗೆ?

ಕಿಡಿ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಒಂದು ಕಡೆಯಿಂದ ಹರಡುತ್ತಿರುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡ ತಾಳಲಾರದೆ ಒಮ್ಮೆಲೇ ಸಿಡಿಯುವುದೇ ನಾಕಿಂಗ್. ಘಾಟಿಯಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರನ್ನು ಒತ್ತಿದಾಗ ಬಾನೆಟ್ಟಿನ ಕಡೆಯಿಂದ ಸಣ್ಣ ಲೋಹದ ತುಂಡುಗಳು ಅಲುಗಿದ ಹಾಗೆ ಕಟಕಟ ಸದ್ದು ಕೇಳಿಸುತ್ತದೆ, ಕಾಲು ತೆಗೆದ ಕೂಡಲೇ ನಿಲ್ಲುತ್ತದೆ. ಇದು ಮುಂದುವರಿದರೆ ಪಿಸ್ಟನ್ನಿನ ಅಂಚು ತಿನ್ನಿಸಿಕೊಂಡಂತೆ ಸವೆಯುತ್ತದೆ, ರಿಂಗುಗಳ ನಡುವಿನ ಭಾಗ ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಈಗಿನ ಕಾರುಗಳಲ್ಲಿ ಎಂಜಿನ್ ಬ್ಲಾಕಿಗೆ ತಿರುಪಿ ಕೂರಿಸಿದ ನಾಕ್ ಸೆನ್ಸರ್ ಈ ಕಂಪನವನ್ನು ಹಿಡಿದು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ, ಇಸಿಯು ಕಿಡಿಯನ್ನು ತಡಮಾಡುತ್ತದೆ. ಸದ್ದು ಕೇಳಿಸುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ಸದ್ದಿಲ್ಲ ಎಂದಮಾತ್ರಕ್ಕೆ ಪೆಟ್ರೋಲ್ ಸರಿಹೊಂದಿದೆ ಎಂದು ತೀರ್ಮಾನಿಸಬಾರದು.

ಆಮದಾದ ಕಾರಿನ ಕೈಪಿಡಿಯಲ್ಲಿ 93 ಎಂದಿದೆ, ಬಂಕಿನಲ್ಲಿ 95 ಎಂದಿದೆ. ಯಾವುದು ಸರಿ?

ಎರಡೂ ಬೇರೆ ಬೇರೆ ಅಳತೆಗಳು. ಭಾರತದಲ್ಲೂ ಯುರೋಪಿನಲ್ಲೂ ಬಂಕಿನ ಮೇಲೆ ಬರೆಯುವುದು ಆರ್‌ಒಎನ್, ಅಂದರೆ ಪರೀಕ್ಷೆಯ ಎಂಜಿನ್ನನ್ನು ನಿಮಿಷಕ್ಕೆ 600 ಸುತ್ತಿನಲ್ಲಿ, ಹಗುರವಾದ ಸ್ಥಿತಿಯಲ್ಲಿ ಓಡಿಸಿ ಪಡೆದ ಸಂಖ್ಯೆ. ಎಂಒಎನ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ 900 ಸುತ್ತು ಇರುತ್ತದೆ, ಒಳಬರುವ ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಲಾಗುತ್ತದೆ. ಆದ್ದರಿಂದ ಅದೇ ಪೆಟ್ರೋಲಿಗೆ ಇಲ್ಲಿ ಎಂಟು ಹತ್ತು ಅಂಕ ಕಡಿಮೆ ಬರುವುದು ಸಾಮಾನ್ಯ. ಅಮೆರಿಕದ ಬಂಕುಗಳಲ್ಲಿ ಈ ಎರಡರ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿನ 87 ನಮ್ಮ 91ಕ್ಕೆ ಹತ್ತಿರ, ಅಲ್ಲಿನ 93 ನಮ್ಮ 98ಕ್ಕೆ ಹತ್ತಿರ. ಹೀಗಾಗಿ ಅಮೆರಿಕಕ್ಕೆಂದು ತಯಾರಾದ ಕಾರಿನ ಕೈಪಿಡಿಯಲ್ಲಿ 93 ಎಂದಿದ್ದರೆ ನಮ್ಮ 95 ಅದಕ್ಕೆ ಸಾಲುವುದಿಲ್ಲ.

ನನ್ನ ಕಾರಿಗೆ ಎಷ್ಟು ಬೇಕೆಂದು ಎಲ್ಲಿ ನೋಡಲಿ?

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬಾಗಿಲನ್ನು ತೆರೆದು ಅದರ ಒಳಮೈ ನೋಡಿ. ಚಿಕ್ಕ ಸ್ಟಿಕ್ಕರಿನ ಮೇಲೆ ಆರ್‌ಒಎನ್ ಎಂಬ ಅಕ್ಷರಗಳೂ 91, 95 ಅಥವಾ 98 ಎಂಬ ಸಂಖ್ಯೆಯೂ ಇರುತ್ತದೆ. ಕೆಲವು ಕಾರುಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ: ಒಂದು ಇರಲೇಬೇಕಾದ ಕನಿಷ್ಠ, ಇನ್ನೊಂದು ಪೂರ್ಣ ಶಕ್ತಿಗೆ ಶಿಫಾರಸು ಮಾಡಿದ್ದು. ಜರ್ಮನ್ ಕಂಪನಿಗಳ ಟರ್ಬೊ ಕಾರುಗಳಲ್ಲಿ 95 ಸಾಮಾನ್ಯ, ಪೋರ್ಷೆಯಂತಹ ಸ್ಪೋರ್ಟ್ಸ್ ಕಾರುಗಳಲ್ಲಿ 98 ಇರುವುದುಂಟು. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಕೈಪಿಡಿ ನೋಡಿ. ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿದ್ದರೂ ಈ ವಿಷಯದಲ್ಲಿ ತಯಾರಕರ ಮಾತೇ ಅಂತಿಮ.

ಬಂಕುಗಳಲ್ಲಿ ಸಿಗುವ ಪೆಟ್ರೋಲುಗಳು ಯಾವುವು?

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಂತ್ರಣ ಮಾನದಂಡದ ಆರನೆಯ ಹಂತ) ಪೆಟ್ರೋಲ್ ಬಂದಿದೆ. ಸಾಮಾನ್ಯ ಪೆಟ್ರೋಲಿಗೆ ಅದರಲ್ಲಿ ಆಗ ಕನಿಷ್ಠ 91 ಎಂದು ಗೊತ್ತುಪಡಿಸಲಾಗಿತ್ತು. ಅದರ ಮೇಲಿನ ಮೆಟ್ಟಿಲು 95: ಇಂಡಿಯನ್ ಆಯಿಲಿನ ಎಕ್ಸ್‌ಪಿ95, ಹಿಂದುಸ್ತಾನ್ ಪೆಟ್ರೋಲಿಯಮ್ಮಿನ ಪವರ್95 ಈ ವರ್ಗದವು. ಭಾರತ್ ಪೆಟ್ರೋಲಿಯಮ್ಮಿನ ಸ್ಪೀಡ್ 97 ಮತ್ತು ಹಿಂದುಸ್ತಾನ್ ಪೆಟ್ರೋಲಿಯಮ್ಮಿನ ಪವರ್ 99 ಅದಕ್ಕಿಂತ ಮೇಲಿನವು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ100 ಎಂಬ 100 ಆಕ್ಟೇನ್ ಪೆಟ್ರೋಲನ್ನು ಮಥುರಾ ಸಂಸ್ಕರಣಾಗಾರದಲ್ಲಿ ತಯಾರಿಸಿ ಮೊದಲು ದೆಹಲಿ, ಮುಂಬಯಿ, ಪುಣೆ ಮುಂತಾದ ಹತ್ತು ನಗರಗಳಲ್ಲಿ ಮಾರಾಟಕ್ಕಿಟ್ಟಿತು. ಬೆಂಗಳೂರು ಎರಡನೆಯ ಹಂತದ ಪಟ್ಟಿಯಲ್ಲಿತ್ತು. ಆಗ ಅದರ ಬೆಲೆ ಲೀಟರಿಗೆ ಸುಮಾರು 160 ರೂಪಾಯಿ.

"ಪ್ರೀಮಿಯಂ" ಎಂದು ಬರೆದಿದ್ದರೆ ಆಕ್ಟೇನ್ ಹೆಚ್ಚು ಎಂದೇ ಅರ್ಥವೇ?

ಅಲ್ಲ. ಇಂಜೆಕ್ಟರನ್ನೂ ವಾಲ್ವನ್ನೂ ಚೊಕ್ಕಟವಾಗಿಡುವ ರಾಸಾಯನಿಕ ಬೆರೆಸಿ, ಆಕ್ಟೇನನ್ನು ಹಾಗೆಯೇ ಬಿಟ್ಟು, ಹೊಸ ಹೆಸರಿನಲ್ಲಿ ಮಾರುವುದೂ ಇದೆ. ಹೆಸರನ್ನು ಬಿಟ್ಟು ಯಂತ್ರದ ಮೇಲೆ ಬರೆದ ಸಂಖ್ಯೆಯನ್ನು ಓದಿ. ಸಂಖ್ಯೆ ಇಲ್ಲದಿದ್ದರೆ ಕೇಳಿ.

ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಬಂದ ಮೇಲೆ ಸಾಮಾನ್ಯ ಪೆಟ್ರೋಲೇ 95 ಆಗಿದೆ ಎನ್ನುತ್ತಾರೆ. ಹಾಗಿದ್ದರೆ ಎಕ್ಸ್‌ಪಿ95 ಏಕೆ ಬೇಕು?

ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಬಿಎಸ್-2 ಕಾಲದಲ್ಲಿ 88 ಇದ್ದ ಆಕ್ಟೇನ್ ಬಿಎಸ್-6ರಲ್ಲಿ 91 ಆಗಿ, ಶೇಕಡ 20ರಷ್ಟು ಎಥನಾಲ್ ಸೇರಿದ ಮೇಲೆ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ತಿಳಿಸಿತು. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಳ್ಳುವುದರಿಂದ, ನೇರವಾಗಿ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಲ್ಲಿ ನಾಕಿಂಗ್ ತಡೆಯಲು ಇದು ನಿಜಕ್ಕೂ ನೆರವಾಗುತ್ತದೆ.

ಇನ್ನೊಂದು ಮುಖವೂ ಇದೆ. ಎಥನಾಲಿನಲ್ಲಿ ಶಾಖ ಕಡಿಮೆ ಇರುವುದರಿಂದ ಮೈಲೇಜು ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ, ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ಇಳಿಕೆ ಶೇಕಡ 6ರಿಂದ 7. ಹಳೆಯ ಸ್ಪೋರ್ಟ್ಸ್ ಕಾರುಗಳ ರಬ್ಬರ್ ಕೊಳವೆ ಮತ್ತು ಸೀಲುಗಳು ಎಥನಾಲಿಗೆ ಹೊಂದಿಕೊಳ್ಳದೆ ಗಟ್ಟಿಯಾಗಬಹುದು ಅಥವಾ ಉಬ್ಬಬಹುದು. 95 ಎಂದು ಹೆಸರಿಸಿ ಮಾರುವ ಪೆಟ್ರೋಲಿನಲ್ಲೂ ಎಥನಾಲ್ ಇರುತ್ತದೆ ಎಂಬುದನ್ನು ಮರೆಯಬಾರದು. ನನ್ನ ಅಭಿಪ್ರಾಯ ಇಷ್ಟು: ಮುಚ್ಚಳದ ಮೇಲೆ 91 ಇರುವ ಕಾರಿಗೆ ಸಾಮಾನ್ಯ ಪೆಟ್ರೋಲ್ ಸಾಕು. 95 ಕನಿಷ್ಠವೆಂದು ಬರೆದಿರುವ ಕಾರಿಗೆ, ಯಂತ್ರದ ಮೇಲೆ 95 ಎಂದು ಸ್ಪಷ್ಟವಾಗಿ ಬರೆದುಕೊಂಡಿರುವ ಪೆಟ್ರೋಲನ್ನೇ ಹಾಕಿಸುವುದು ಕ್ಷೇಮ.

ಮಡಿಕೇರಿಯ ಎತ್ತರದಲ್ಲಿ ಕಡಿಮೆ ಆಕ್ಟೇನ್ ಸಾಕಾಗುತ್ತದೆಯೇ?

ಇದು ಕೊಡಗಿನವರು ಕೇಳಲೇಬೇಕಾದ ಪ್ರಶ್ನೆ, ಉತ್ತರ ಮಾತ್ರ ಎಂಜಿನ್ನನ್ನು ಅವಲಂಬಿಸಿದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡ 12ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ತನ್ನ ಸುತ್ತ ಇರುವ ಗಾಳಿಯನ್ನಷ್ಟೇ ಎಳೆದುಕೊಳ್ಳಬಲ್ಲದು. ಒಳಹೋಗುವ ಗಾಳಿ ಕಡಿಮೆಯಾದರೆ ಸಿಲಿಂಡರಿನ ಒತ್ತಡವೂ ಕಡಿಮೆ, ನಾಕಿಂಗಿನ ಅಪಾಯವೂ ಕಡಿಮೆ. ಅಮೆರಿಕದ ಕೊಲೊರಾಡೊದಂತಹ ಎತ್ತರದ ರಾಜ್ಯಗಳಲ್ಲಿ ಕಾರ್ಬುರೇಟರ್ ಕಾಲದಿಂದ ಕಡಿಮೆ ಆಕ್ಟೇನಿನ ಪೆಟ್ರೋಲ್ ಮಾರಾಟವಾಗುತ್ತಿರುವುದು ಇದೇ ಕಾರಣಕ್ಕೆ.

ಟರ್ಬೊ ಕಾರಿಗೆ ಈ ರಿಯಾಯಿತಿ ಇಲ್ಲ. ಅದರ ಇಸಿಯು ತನಗೆ ಬೇಕಾದ ಒತ್ತಡ ಸಿಗುವವರೆಗೆ ಟರ್ಬೊವನ್ನು ಇನ್ನಷ್ಟು ವೇಗವಾಗಿ ತಿರುಗಿಸುತ್ತದೆ. ಹೀಗೆ ಹೆಚ್ಚು ಹಿಂಡಿದ ಗಾಳಿ ಹೆಚ್ಚು ಬಿಸಿಯಾಗಿ ಒಳಬರುತ್ತದೆ. ಅಂದರೆ ಎತ್ತರದಲ್ಲಿ ಟರ್ಬೊ ಎಂಜಿನ್ನಿಗೆ ಒಳ್ಳೆಯ ಪೆಟ್ರೋಲಿನ ಅಗತ್ಯ ಕಡಿಮೆಯಾಗುವುದಿಲ್ಲ.

ಮೇಲಾಗಿ, ನಮ್ಮ ಕಾರುಗಳು ಮಡಿಕೇರಿಯ ತಂಪಿನಲ್ಲಿ ನಿಂತೇ ಇರುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಸುಳ್ಯದ ಸೆಕೆಯಿಂದ ಹೊರಟು ಸಂಪಾಜೆ ಘಾಟಿ ಹತ್ತುವಾಗ, ಅಥವಾ ಕೇರಳದ ಕಡೆಯಿಂದ ಮಾಕುಟ್ಟದ ಮೂಲಕ ವಿರಾಜಪೇಟೆಗೆ ಏರುವಾಗ, ಕೆಳಗಿನ ದಟ್ಟ ಬಿಸಿ ಗಾಳಿ, ಬಿಡುವಿಲ್ಲದ ಏರು, ಮುಂದೆ ಹೋಗುತ್ತಿರುವ ಲಾರಿಯ ಹಿಂದೆ ನಿಧಾನವಾಗಿ ತೆವಳಿ ಕಾದ ಇಂಟರ್‌ಕೂಲರ್ (ಟರ್ಬೊ ಹಿಂಡಿದ ಗಾಳಿಯನ್ನು ತಣಿಸುವ ಭಾಗ) ಎಲ್ಲವೂ ಒಟ್ಟಿಗೆ ಬರುತ್ತವೆ. ಇಡೀ ಪ್ರಯಾಣದಲ್ಲಿ ನಾಕಿಂಗಿಗೆ ಅತ್ಯಂತ ಅನುಕೂಲವಾದ ಸ್ಥಳ ಘಾಟಿಯ ಬುಡ, ತುದಿಯಲ್ಲ. ಪೆಟ್ರೋಲನ್ನು ಆರಿಸಬೇಕಾದದ್ದು ಆ ಬುಡವನ್ನು ಮನಸ್ಸಿನಲ್ಲಿಟ್ಟುಕೊಂಡು.

ಅಲ್ಲಿ ಗೇರಿನ ಬಳಕೆಯೂ ಆಕ್ಟೇನಿನಷ್ಟೇ ಮುಖ್ಯ. ಸಣ್ಣ ಟರ್ಬೊ ಎಂಜಿನ್ನನ್ನು 1,500 ಸುತ್ತಿನ ಆಸುಪಾಸಿನಲ್ಲಿ ಮೇಲಿನ ಗೇರಿನಲ್ಲಿ ಇಟ್ಟು ಪೂರ್ತಿ ಒತ್ತಿದರೆ, ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಒಂದೇ ಏಟಿಗೆ ಪಿಸ್ಟನ್ ಒಡೆಯುವಂತಹ ಘಟನೆ ನಡೆಯಬಹುದು. ಇದನ್ನು ಆಕ್ಟೇನ್ ಒಂದೇ ತಡೆಯಲಾರದು. ಗೇರ್ ಇಳಿಸಿ ಓಡಿಸುವುದು, ಕೈಪಿಡಿ ಒಪ್ಪುವುದಾದರೆ ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್ ಬಳಸುವುದು ಇದಕ್ಕೆ ಪರಿಹಾರ. ಆ ದರ್ಜೆಯ ಪರೀಕ್ಷೆಗಳಲ್ಲಿ ಈ ತೊಂದರೆಯೂ ಸೇರಿದೆ.

ಕೊಡಗಿನಲ್ಲಿ ಹೆಚ್ಚು ಆಕ್ಟೇನ್ ಪೆಟ್ರೋಲನ್ನು ಹುಡುಕುವುದು ಹೇಗೆ?

95ನ್ನು ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆಯಂತಹ ಪೇಟೆಗಳ ಬಂಕುಗಳಲ್ಲಿ ಮೊದಲು ವಿಚಾರಿಸಿ. 100 ಬೇಕಾದವರು ಬೆಂಗಳೂರಿನಿಂದ ಹೊರಡುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳುವ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು. ಪ್ರತಿ ತೈಲ ಕಂಪನಿಯ ಆ್ಯಪಿನಲ್ಲೂ ಬಂಕುಗಳ ನಕ್ಷೆ ಇರುತ್ತದೆ. ಆದರೆ ಪಟ್ಟಿಯಲ್ಲಿ ಇರುವುದು ಬೇರೆ, ಇಂದು ಟ್ಯಾಂಕಿನಲ್ಲಿ ಇರುವುದು ಬೇರೆ. ಹೊರಡುವ ಮೊದಲು ಬಂಕಿಗೆ ಫೋನ್ ಮಾಡಿ.

ಫೋನಿನಲ್ಲಿ ಇನ್ನೊಂದು ಮಾತನ್ನೂ ಕೇಳಿ: ಈ ಪೆಟ್ರೋಲಿನ ಕೊನೆಯ ಲೋಡ್ ಯಾವಾಗ ಬಂತು? ದುಬಾರಿ ಪೆಟ್ರೋಲ್ ಸಣ್ಣ ಊರಿನಲ್ಲಿ ನಿಧಾನವಾಗಿ ಖರ್ಚಾಗುತ್ತದೆ. ನೆಲದಡಿಯ ಟ್ಯಾಂಕಿನಲ್ಲಿ ಬಹಳ ದಿನ ಉಳಿದ ಪೆಟ್ರೋಲಿನಿಂದ ಹಗುರವಾದ ಅಂಶಗಳು ಆರಿಹೋಗಿರುತ್ತವೆ, ಮಳೆಗಾಲದಲ್ಲಾದರೆ ತೇವ ಸೇರುವ ಅವಕಾಶವೂ ಹೆಚ್ಚು. ವಾರಾಂತ್ಯದ ಪ್ರವಾಸಿಗರ ಕಾರುಗಳು ಸಾಲುಗಟ್ಟುವ ಹೆದ್ದಾರಿ ಬಂಕಿನ ತಾಜಾ 95, ಗಿರಾಕಿಗಳಿಲ್ಲದ ಬಂಕಿನ ಹಳೆಯ 97ಕ್ಕಿಂತ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಬೆಂಗಳೂರಿನಿಂದ ಕ್ಯಾನಿನಲ್ಲಿ ತಂದು ತೋಟದ ಮನೆಯಲ್ಲಿ ಇಟ್ಟುಕೊಳ್ಳಬಹುದೇ?

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ಮೀರದಂತೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಬಿಗಿಯಾಗಿ ಮುಚ್ಚಿದ ಲೋಹದ ಪಾತ್ರೆಯಾದರೆ ಅದು 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ ಬಾಟಲಿ, ನೀರಿನ ಕ್ಯಾನ್ ಸಲ್ಲದು, ಬಂಕಿನವರು ನಿರಾಕರಿಸಿದರೆ ಅದು ಸರಿಯೇ. ಲೋಹದ ಕ್ಯಾನನ್ನು ಡಿಕ್ಕಿಯಲ್ಲಿಟ್ಟು ತುಂಬಿಸದೆ ನೆಲದ ಮೇಲಿಟ್ಟು ತುಂಬಿಸಬೇಕು, ಸ್ಥಿರ ವಿದ್ಯುತ್ತಿನ ಕಿಡಿಯ ಅಪಾಯ ಇದರಿಂದ ತಪ್ಪುತ್ತದೆ. ಆವಿ ಹಿಗ್ಗಲು ಮೇಲೆ ಜಾಗ ಬಿಡಬೇಕು. ಮನೆಯಲ್ಲಿ ಅಡುಗೆಮನೆ, ನೀರು ಕಾಯಿಸುವ ಒಲೆ, ಜನರೇಟರ್ ಕೊಠಡಿ ಇವುಗಳಿಂದ ದೂರ, ಗಾಳಿಯಾಡುವ ಕಡೆ ಇಡಬೇಕು. ಆದರೂ, ರಾಲಿ ಅಥವಾ ಆಟೋಕ್ರಾಸಿನ ಒಂದು ದಿನದ ಅಗತ್ಯಕ್ಕೆ ಇದು ಒಪ್ಪಬಹುದಾದ ಏರ್ಪಾಡೇ ಹೊರತು ದಿನಬಳಕೆಗೆ ಅಲ್ಲ. ಸ್ಪರ್ಧೆಗೆ ಹೋಗುವವರು ಯಾವ ಇಂಧನಕ್ಕೆ ಅನುಮತಿ ಇದೆ ಎಂಬುದನ್ನು ಆಯಾ ಸ್ಪರ್ಧೆಯ ನಿಯಮಗಳಲ್ಲಿ ಮೊದಲೇ ಓದಿಕೊಳ್ಳಬೇಕು.

91 ಮತ್ತು 100ನ್ನು ಬೆರೆಸಬಹುದೇ?

ಧಾರಾಳವಾಗಿ ಬೆರೆಸಬಹುದು. ಲೆಕ್ಕ ಹೆಚ್ಚುಕಡಿಮೆ ಸರಾಸರಿಯದೇ. ಟ್ಯಾಂಕಿನಲ್ಲಿ 15 ಲೀಟರ್ 91 ಉಳಿದಿರುವಾಗ 20 ಲೀಟರ್ 100 ಹಾಕಿಸಿದರೆ ಸುಮಾರು 96 ಆಗುತ್ತದೆ.

ಆಕ್ಟೇನ್ ಬೂಸ್ಟರ್, ನುಸಿಗುಳಿಗೆ, ವಿಮಾನದ ಪೆಟ್ರೋಲ್ ಇವುಗಳಿಂದ ಪ್ರಯೋಜನವಿದೆಯೇ?

ಬೂಸ್ಟರ್ ಬಾಟಲಿಯ ಮೇಲಿನ ಬರಹವನ್ನು ಎಚ್ಚರದಿಂದ ಓದಿ. "30 ಪಾಯಿಂಟ್ ಏರಿಕೆ" ಎಂದರೆ ಸಾಮಾನ್ಯವಾಗಿ 3 ಆಕ್ಟೇನ್ ಮಾತ್ರ, ಅಲ್ಲಿ ಒಂದು ಪಾಯಿಂಟೆಂದರೆ ಹತ್ತನೇ ಒಂದು ಭಾಗ. ಹಲವು ಬೂಸ್ಟರುಗಳಲ್ಲಿರುವ ಮ್ಯಾಂಗನೀಸ್ ಸಂಯುಕ್ತವು ಸ್ಪಾರ್ಕ್ ಪ್ಲಗ್ಗಿನ ತುದಿಯ ಮೇಲೆ ಕಿತ್ತಳೆಗೆಂಪು ಪದರವಾಗಿ ಕೂರುತ್ತದೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಒಳ್ಳೆಯದಲ್ಲ.

ಟ್ಯಾಂಕಿಗೆ ನುಸಿಗುಳಿಗೆ ಹಾಕುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಪೆಟ್ರೋಲಿನಲ್ಲಿ ಕರಗಿದ ನ್ಯಾಫ್ತಲೀನ್ ತಣ್ಣಗಾದಾಗ ಮತ್ತೆ ಹರಳುಗಟ್ಟಿ ಫಿಲ್ಟರನ್ನೂ ಇಂಜೆಕ್ಟರನ್ನೂ ಕಟ್ಟಬಲ್ಲದು, ನಮ್ಮ ಡಿಸೆಂಬರಿನ ಬೆಳಗಿನ ಚಳಿ ಅದಕ್ಕೆ ಅನುಕೂಲವೇ. 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನಲ್ಲಿ ಸೀಸವಿದೆ. ಕಾರಿನ ಆಕ್ಸಿಜನ್ ಸೆನ್ಸರನ್ನೂ ಕನ್ವರ್ಟರನ್ನೂ ಅದು ಕೆಡಿಸುತ್ತದೆ. ಭಾರತದ ಬಂಕುಗಳಿಂದ ಸೀಸಯುಕ್ತ ಪೆಟ್ರೋಲನ್ನು 2000ದಲ್ಲಿಯೇ ತೆಗೆದುಹಾಕಿದ್ದು ಜನರ, ಅದರಲ್ಲೂ ಮಕ್ಕಳ ಆರೋಗ್ಯಕ್ಕಾಗಿ. ಅದನ್ನು ಹಿಂಬಾಗಿಲಿನಿಂದ ನಮ್ಮ ಕಾಫಿ ತೋಟದ ಗಾಳಿಗೆ ತರುವುದು ಸಲ್ಲದು.

ನನ್ನ ಟರ್ಬೊ ಕಾರನ್ನು ರೀಮ್ಯಾಪ್ ಮಾಡಿಸಬೇಕೆಂದಿದ್ದೇನೆ, ಅಂದರೆ ಶಕ್ತಿ ಹೆಚ್ಚಲೆಂದು ಇಸಿಯುವಿನ ಹೊಂದಾಣಿಕೆಗಳನ್ನು (ಮ್ಯಾಪ್) ಬದಲಾಯಿಸಬೇಕೆಂದಿದ್ದೇನೆ. ಯಾವ ಆಕ್ಟೇನಿಗೆ ಮಾಡಿಸಲಿ?

ನಿಮಗೆ ಕೊಡಗಿನಲ್ಲಿ ವರ್ಷವಿಡೀ ಸಿಗುವ ಪೆಟ್ರೋಲಿಗೆ ಮಾಡಿಸಿ. ಈ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ಬೆಂಗಳೂರಿನ ಟ್ಯೂನರ್ 100 ಆಕ್ಟೇನಿಗೆ ಹೊಂದಿಸಿದ ಮ್ಯಾಪ್ ಅಲ್ಲಿನ ರಸ್ತೆಯಲ್ಲಿ ಬೆರಗು ಹುಟ್ಟಿಸಬಹುದು. ಆದರೆ ಜುಲೈ ತಿಂಗಳಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚಿ, ಇದ್ದ ಬಂಕಿನಲ್ಲಿ ಇದ್ದ ಪೆಟ್ರೋಲನ್ನೇ ಹಾಕಿಸಿಕೊಂಡು ಮನೆಗೆ ಮರಳಬೇಕಾದಾಗ, ಅದೇ ಮ್ಯಾಪ್ 91ರ ಮೇಲೆ ಹೆಚ್ಚಿನ ಟರ್ಬೊ ಒತ್ತಡ ಹೇರುತ್ತದೆ. ನಾಕ್ ಸೆನ್ಸರ್ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ ನಿಜ. ಅದು ಅಪರೂಪದ ಸಂದರ್ಭಕ್ಕೆ ಇಟ್ಟ ರಕ್ಷಣೆ, ದಿನವೂ ಅದರ ಮೇಲೆ ಭಾರ ಹಾಕುವುದು ಎಂಜಿನ್ನಿಗೆ ಹಿತವಲ್ಲ.

ಎರಡು ಮ್ಯಾಪುಗಳನ್ನು ಇಟ್ಟುಕೊಂಡು ಬದಲಾಯಿಸುವ ಸೌಲಭ್ಯವಿದ್ದರೆ, ದಿನಬಳಕೆಗೆ ಕಡಿಮೆ ಆಕ್ಟೇನಿನದನ್ನೇ ಹಾಕಿಟ್ಟು, 100 ತುಂಬಿಸಿದ ದಿನ ಮಾತ್ರ ಇನ್ನೊಂದಕ್ಕೆ ಹೋಗಿ. ಟ್ಯೂನರನ್ನು ಕೇಳಬೇಕಾದ ಪ್ರಶ್ನೆಯೆಂದರೆ ಎಷ್ಟು ಹಾರ್ಸ್‌ಪವರ್ ಹೆಚ್ಚುತ್ತದೆ ಎಂಬುದಕ್ಕಿಂತ, ಬೇಸಿಗೆಯ ಮಧ್ಯಾಹ್ನ ದೀರ್ಘ ಏರಿನಲ್ಲಿ ಕಿಡಿ ಎಷ್ಟು ಡಿಗ್ರಿ ತಡವಾಗುತ್ತದೆ ಎಂಬುದು. ವಾರಂಟಿ ಇರುವ ಕಾರಿನಲ್ಲಿ ರೀಮ್ಯಾಪಿನಿಂದ ವಾರಂಟಿಗೆ ಧಕ್ಕೆ ಬರುತ್ತದೆ ಎಂಬುದೂ ತಿಳಿದಿರಲಿ.

ದುಬಾರಿ ಪೆಟ್ರೋಲಿನಿಂದ ನನ್ನ ಕಾರಿಗೆ ಲಾಭವಾಗಿದೆಯೇ ಎಂದು ತಿಳಿಯುವುದು ಹೇಗೆ?

ಡ್ಯಾಶ್‌ಬೋರ್ಡಿನ ಕೆಳಗಿರುವ, ಇಸಿಯುವಿನ ಮಾಹಿತಿ ಓದಲು ಇಟ್ಟ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸಾಧನ ಸಿಕ್ಕಿಸಿ, ಮೊಬೈಲಿನಲ್ಲಿ ಇಗ್ನಿಷನ್ ಟೈಮಿಂಗ್ (ಕಿಡಿ ಕೊಡುವ ಸಮಯ) ಮತ್ತು ಒಳಬರುವ ಗಾಳಿಯ ಉಷ್ಣತೆಯನ್ನು ದಾಖಲಿಸಿಕೊಳ್ಳಿ. ಪರದೆಯನ್ನು ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದಾಗಿರಲಿ. ಒಂದೇ ಏರು, ಒಂದೇ ಗೇರು, ಹೆಚ್ಚುಕಡಿಮೆ ಒಂದೇ ಹವೆ ಇರಬೇಕು. ಮೊದಲು ಸಾಮಾನ್ಯ ಪೆಟ್ರೋಲಿನಲ್ಲಿ ದಾಖಲಿಸಿ, ನಂತರ ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ 95 ಅಥವಾ 100 ತುಂಬಿಸಿ, ಇಸಿಯು ಹೊಸ ಪೆಟ್ರೋಲಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಓಡಿಸಿ, ಮತ್ತೆ ದಾಖಲಿಸಿ. ಅದೇ ಸುತ್ತಿನಲ್ಲಿ, ಅದೇ ಭಾರದಲ್ಲಿ ಟೈಮಿಂಗ್ ಹಲವು ಡಿಗ್ರಿ ಮುಂಚಿತವಾಗಿದ್ದರೆ ಹಣ ಸಾರ್ಥಕ. ಎರಡೂ ಸಾಲುಗಳು ಒಂದರ ಮೇಲೊಂದು ಕುಳಿತರೆ ನಿಮ್ಮ ಎಂಜಿನ್ ಮೊದಲಿನ ಪೆಟ್ರೋಲಿನಲ್ಲೇ ತೃಪ್ತವಾಗಿದೆ.

ಬಂಕಿನಲ್ಲಿ ಪೆಟ್ರೋಲಿನ ಗುಣಮಟ್ಟ ಪರೀಕ್ಷಿಸಲು ಗ್ರಾಹಕರಿಗೆ ಹಕ್ಕಿದೆಯೇ?

ಇದೆ. ನಳಿಕೆಯ ಬಾಯಿ ಒರೆಸಿ ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟರೆ, ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆಯಂತಹ ಕಲಬೆರಕೆ ಇದ್ದರೆ ಜಿಡ್ಡಿನ ಕಲೆ ಉಳಿಯಬಹುದು. ಹೈಡ್ರೋಮೀಟರ್ ಮತ್ತು ಥರ್ಮಾಮೀಟರಿನಿಂದ ಸಾಂದ್ರತೆ ಅಳೆದು, 15 ಡಿಗ್ರಿಗೆ ಪರಿವರ್ತಿಸಿ, ಲೋಡ್ ಬಂದಾಗ ಬರೆದುಕೊಂಡ ಸಂಖ್ಯೆಯೊಂದಿಗೆ ಹೋಲಿಸಲು ಕೇಳಬಹುದು. ವ್ಯತ್ಯಾಸ ಘನ ಮೀಟರಿಗೆ 3 ಕಿಲೋಗ್ರಾಮಿನ ಒಳಗಿರಬೇಕು. ಈ ಪರೀಕ್ಷೆಗಳು ಕಲಬೆರಕೆಯ ಸುಳಿವು ಕೊಡುತ್ತವೆ, ಆಕ್ಟೇನ್ ಸಂಖ್ಯೆಯನ್ನು ತಿಳಿಸಲಾರವು. ಅದಕ್ಕೆ ಪ್ರಯೋಗಾಲಯವೇ ಬೇಕು. ಹಾಗಾಗಿ ಪೆಟ್ರೋಲಿನ ಹೆಸರು ಬರೆದ ರಸೀದಿಯನ್ನು ತಪ್ಪದೆ ಪಡೆದುಕೊಳ್ಳಿ, ದೂರು ಕೊಡಬೇಕಾಗಿ ಬಂದರೆ ಅದೇ ಆಧಾರ.

ಮಳೆಗಾಲದಲ್ಲಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿಡುತ್ತೇನೆ. ಟ್ಯಾಂಕ್ ತುಂಬಿಸಿಡಬೇಕೇ, ಖಾಲಿ ಬಿಡಬೇಕೇ?

ಬಹುತೇಕ ತುಂಬಿಸಿಡಿ. ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆಯಾದಷ್ಟೂ ಒಳಗೆ ಹನಿಗಟ್ಟುವ ತೇವ ಕಡಿಮೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಆಗ ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಕುಸಿದಿರುತ್ತದೆ, ತಳದಲ್ಲಿರುವ ಪಂಪು ಎಳೆದುಕೊಳ್ಳುವುದು ನೀರು ಬೆರೆತ ಎಥನಾಲನ್ನು. ಮುಚ್ಚಳದ ರಬ್ಬರ್ ಸೀಲು ಬಿರುಕು ಬಿಟ್ಟಿದೆಯೇ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳಿ. ಮಳೆ ಹಿಂದೆಗೆದ ಮೇಲೆ ಕಾರು ತೆಗೆದಾಗ, ಹಳೆಯ ಪೆಟ್ರೋಲಿಗೆ ತಾಜಾ 95 ಸೇರಿಸಿ, ಆ ಟ್ಯಾಂಕ್ ಮುಗಿಯುವವರೆಗೆ ಎಂಜಿನ್ನಿನ ಮೇಲೆ ಭಾರ ಹಾಕದೆ ಓಡಿಸಿ.